ನೂರ್ ಸಿಸ್ಟರಮ್ಮನ ಲೈಸೆನ್ಸು

ಲ್ಯಾಮಿನೇಷನ್ ಮೆಷಿನ್ ಕಾದಾಗ ಒಂದು ವಾಸನೆ ಬರುತ್ತದೆ, ಗೊತ್ತಲ್ಲ? ಗೊತ್ತಿಲ್ಲದಿದ್ದರೆ ಮುಳಬಾಗಿಲು ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಜೆರಾಕ್ಸ್ ಅಂಗಡಿಗೆ ಬನ್ನಿ, ಮೂಗು ತುಂಬ ಕೊಟ್ಟು ಕಳಿಸುತ್ತೇನೆ. ನನ್ನ ಹೆಂಡತಿಗೆ ಆ ವಾಸನೆ ಕಂಡರೆ ಆಗುವುದಿಲ್ಲ. ಮನೆ ಬಾಗಿಲಲ್ಲೇ ಅಂಗಿ ಬಿಚ್ಚಿಸುತ್ತಾಳೆ. ನನಗೆ ಮಾತ್ರ ಆ ವಾಸನೆ ಬಂದರೆ ಸಾಕು, ನೂರ್ ಸಿಸ್ಟರಮ್ಮ ಎದುರಿಗೆ ಬಂದು ನಿಂತ ಹಾಗಾಗುತ್ತದೆ. ಇವತ್ತು ಬೆಳಿಗ್ಗೆ ಯಾರದೋ ರೇಷನ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕುತ್ತಿದ್ದೆ, ಆಗಲೂ ಹಾಗೇ ಆಯಿತು.

ನಮ್ಮ ಕಡೆ ಒಂದು ಅಭ್ಯಾಸವಿದೆ. ಮಕ್ಕಳ ಸರ್ಟಿಫಿಕೇಟು ಕೈಗೆ ಬಂದರೆ ಮೊದಲು ದೇವರ ಮುಂದೆ, ಆಮೇಲೆ ನೇರ ಲ್ಯಾಮಿನೇಷನ್ನಿಗೆ. ಪ್ಲಾಸ್ಟಿಕ್ ಹಾಕದ ಸರ್ಟಿಫಿಕೇಟು ಅಂದರೆ ಬಟ್ಟೆ ಹಾಕದ ಮಗು ಇದ್ದ ಹಾಗೆ, ಯಾರಿಗೂ ಸಮಾಧಾನವಿಲ್ಲ. ಇದರಿಂದ ನನ್ನ ಅಂಗಡಿ ನಡೆಯಿತು ಅನ್ನುವುದು ನಿಜ. ಆದರೆ ಹೊರದೇಶಕ್ಕೆ ಹೋಗುವವರ ಸರ್ಟಿಫಿಕೇಟಿನ ಬೆನ್ನಿಗೆ ಸರ್ಕಾರದವರು ಮುದ್ರೆ ಒತ್ತಬೇಕಂತೆ. ಪ್ಲಾಸ್ಟಿಕ್ ಮೇಲೆ ಒತ್ತುವುದಿಲ್ಲವಂತೆ. ಈ ಸುದ್ದಿ ನನಗೆ ಗೊತ್ತಾಗಿದ್ದು ನೂರ್ ಸಿಸ್ಟರಮ್ಮ ತಮ್ಮ ನರ್ಸಿಂಗ್ ಸರ್ಟಿಫಿಕೇಟು ತಂದು ನನ್ನ ಮೇಜಿನ ಮೇಲಿಟ್ಟ ದಿನ.

"ಅಣ್ಣಾ, ನೀವೇ ಹಾಕಿದ ಪ್ಲಾಸ್ಟಿಕ್ಕು. ನೀವೇ ಬಿಚ್ಚಿ ಕೊಡಿ."

"ಏನ್ ಸಿಸ್ಟರಮ್ಮ, ಹಾಕೋದು ಗೊತ್ತು ನಂಗೆ, ಬಿಚ್ಚೋದು ಯಾರು ಕಲಿಸಿದಾರೆ?"

"ಕಲೀರಿ," ಅಂದು ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟರು. ಬ್ಲೇಡು, ಹೆಂಡತಿಯ ಕೂದಲು ಒಣಗಿಸುವ ಮೆಷಿನ್ನು, ನನ್ನ ಹಣೆಯ ಬೆವರು, ಇಷ್ಟೂ ಸೇರಿ ಮಧ್ಯಾಹ್ನದ ಊಟದ ಹೊತ್ತಿಗೆ ಆ ಕಾಗದ ಹೊರಗೆ ಬಂತು. ಒಂದು ಮೂಲೆ ಸ್ವಲ್ಪ ಹರಿಯಿತು. ಅವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು, ಬೈಯಲಿಲ್ಲ.

ನೂರ್ ಜಹಾನ್ ಅಂತ ಅವರ ಪೂರ್ತಿ ಹೆಸರು. ನಮ್ಮೂರ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಕೋಣೆಯ ಸಿಸ್ಟರು. ಗಂಡ ರಫೀಕ್ ನಂಗಲಿಯಲ್ಲಿ ಲಾರಿ ಸೀಟುಗಳಿಗೆ ಕುಶನ್ ಹೊಲಿಯುವವನು, ಮಾತು ಕಡಿಮೆ, ಹೆಂಡತಿ ಮೇಲೆ ಪ್ರಾಣ. ನನ್ನ ಮಗಳು ಹುಟ್ಟಿದ್ದೂ ಸಿಸ್ಟರಮ್ಮನ ಕೈಯಲ್ಲೇ. ಆವತ್ತು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ ಅವರ ದನಿ ಕೇಳುತ್ತಿತ್ತು. ಒಂದು ಕ್ಷಣ ಕನ್ನಡ, ಒಂದು ಕ್ಷಣ ತೆಲುಗು, ನಡುವೆ ಒಂದು "ಯಾ ಅಲ್ಲಾ". ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ, ನೋವು ತಡೆಯಲಾಗದೆ ಅವರ ಕೈ ಕಚ್ಚಿಬಿಟ್ಟಳಂತೆ. "ಕಚ್ಚಮ್ಮಾ, ಇನ್ನೂ ಜೋರಾಗಿ ಕಚ್ಚು, ಆದ್ರೆ ಉಸಿರಾಡೋದು ಮಾತ್ರ ನಿಲ್ಲಿಸ್ಬೇಡ" ಅಂದರಂತೆ ಸಿಸ್ಟರಮ್ಮ.

ಅಂಥವರು ಊರು ಬಿಡುವ ಯೋಚನೆ ಯಾಕೆ ಮಾಡಿದರು ಅಂದರೆ, ಹೆರಿಗೆಗಳೇ ಊರು ಬಿಟ್ಟಿದ್ದವು. ನೋವು ಶುರುವಾದರೆ ಜನ ಕಾರು ಮಾಡಿಕೊಂಡು ಕೋಲಾರಕ್ಕೆ ಓಡುತ್ತಿದ್ದರು. ನರ್ಸಿಂಗ್ ಹೋಮ್ ನಡೆಸುತ್ತಿದ್ದ ನಮ್ಮ ಡಾಕ್ಟ್ರಿಗೂ ವಯಸ್ಸಾಯಿತು. ಹೆರಿಗೆ ವಾರ್ಡ್ ಮುಚ್ಚಿ, ವಾರಕ್ಕೆ ಕೆಲವು ದಿನ ಮಾತ್ರ ಬಂದು ಕೆಮ್ಮು ಜ್ವರ ನೋಡಿ, ಉಳಿದ ದಿನ ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಇರುತ್ತಿದ್ದರು. ಸಿಸ್ಟರಮ್ಮನನ್ನು ಬಿಪಿ ನೋಡುವುದಕ್ಕೆ, ಗಾಯಕ್ಕೆ ಪಟ್ಟಿ ಕಟ್ಟುವುದಕ್ಕೆ ಹಾಕಿದರು. "ನನ್ನ ಕೈಗೆ ಬೇಜಾರಾಗಿದೆ ಅಣ್ಣಾ" ಅಂದರು ಒಂದು ದಿನ. ಮನಸ್ಸಿಗೆ ಅನ್ನಲಿಲ್ಲ ನೋಡಿ, ಕೈಗೆ ಅಂದರು.

ಈಗ ಲೈಸೆನ್ಸಿನ ವಿಷಯ. ನನ್ನ ಬುದ್ಧಿಗೆ ಲೈಸೆನ್ಸು ಅಂದರೆ ಡ್ರೈವಿಂಗ್ ಲೈಸೆನ್ಸೇ. ಒಂದಿದ್ದರೆ ಗಾಡಿ ಓಡಿಸಬಹುದು, ಮುಗೀತು. ಸಿಸ್ಟರಮ್ಮ ನನ್ನ ಕಂಪ್ಯೂಟರ್ ಮುಂದೆ ಕೂತು ಗಲ್ಫ್ ದೇಶದ ವೆಬ್‌ಸೈಟು ತೆಗೆಸಿದ ಮೇಲೆ ತಲೆ ತಿರುಗಿತು. ಅಲ್ಲಿ ನರ್ಸಿಗೆ ಒಂದು ಲೈಸೆನ್ಸು, ಸಹಾಯಕ ನರ್ಸಿಗೆ ಇನ್ನೊಂದು, ಹೆರಿಗೆ ಮಾಡಿಸುವ ಮಿಡ್‌ವೈಫಿಗೆ ಮತ್ತೊಂದು. ನಮ್ಮಲ್ಲಿ ಒಂದೇ ಓದಿನಲ್ಲಿ ಎಲ್ಲಾ ಕಲಿಸಿ ಒಂದೇ ಸಿಸ್ಟರಿನ ಕೈಲಿ ಎಲ್ಲಾ ಮಾಡಿಸುತ್ತಾರೆ. ಅಲ್ಲಿ ಯಾವ ಹೆಸರಿನ ಲೈಸೆನ್ಸೋ ಆ ಕೆಲಸ ಅಷ್ಟೇ, ಪಕ್ಕದ ಕೆಲಸ ಮುಟ್ಟುವ ಹಾಗಿಲ್ಲ.

ಮಾಲೂರಿನಿಂದ ಒಬ್ಬ ಏಜೆಂಟ್ ಬಂದಿದ್ದ. ಇಸ್ತ್ರಿ ಅಂಗಿ, ಎರಡೆರಡು ಫೋನು. ನನ್ನ ಅಂಗಡಿಯಲ್ಲೇ ಕೂತು ಮಾತಾಡಿದರು.

"ನರ್ಸ್ ಲೈಸೆನ್ಸ್ ಹಾಕಿ ಮೇಡಂ. ಬೇಗ ಆಗುತ್ತೆ. ಆಸ್ಪತ್ರೆ ರೆಡಿ ಇದೆ, ಕೆಲಸ ರೆಡಿ ಇದೆ. ಈ ಮಿಡ್‌ವೈಫ್ ಎಲ್ಲಾ ತಲೆನೋವು."

"ನರ್ಸ್ ಲೈಸೆನ್ಸಲ್ಲಿ ಹೆರಿಗೆ ಮಾಡಿಸ್ಬಹುದಾ?"

"ಅದೊಂದು ಬಿಟ್ಟು ಎಲ್ಲಾ ಮಾಡಬಹುದು ಮೇಡಂ."

"ಅದೊಂದಕ್ಕೇ ನಾನು ಹೋಗ್ತಿರೋದು," ಅಂದರು ಸಿಸ್ಟರಮ್ಮ.

ಏಜೆಂಟ್ ನಕ್ಕ. ಮೊದಲು ನರ್ಸ್ ಅಂತ ಹೋಗಿ, ಅಲ್ಲಿ ಸೇರಿಕೊಂಡ ಮೇಲೆ ಬದಲಾಯಿಸಿಕೊಳ್ಳಬಹುದು ಅಂದ. ಅಲ್ಲೇ ಕೆಲಸ ಮಾಡುವ ಗೆಳತಿಯನ್ನು ಸಿಸ್ಟರಮ್ಮ ಮೊದಲೇ ವಿಚಾರಿಸಿಕೊಂಡಿದ್ದರು. ನರ್ಸಾಗಿ ದುಡಿದ ಕಾಲ ಹೆರಿಗೆಯ ಅನುಭವ ಅಂತ ಲೆಕ್ಕಕ್ಕೆ ಬರುವುದಿಲ್ಲ, ಕೈ ಬಿಟ್ಟು ಕಾಲ ಕಳೆದಷ್ಟೂ ಆ ಬಾಗಿಲು ಮುಚ್ಚುತ್ತಾ ಹೋಗುತ್ತದೆ ಅಂತ ಅವಳು ಹೇಳಿದ್ದಳು. ಸಿಸ್ಟರಮ್ಮ ಇದನ್ನು ಹೇಳಿದಾಗ ಏಜೆಂಟಿನ ಎರಡೂ ಫೋನು ಒಟ್ಟಿಗೇ ಹೊಡೆದುಕೊಂಡವು, ಅವನು ಎದ್ದು ಹೋದ.

ಸುಳ್ಳು ಯಾಕೆ ಹೇಳಲಿ, ನಾನೂ ಅವನ ಪಕ್ಷವೇ. "ಸಿಸ್ಟರಮ್ಮ, ಕೈಗೆ ಬಂದಿದ್ದನ್ನ ಬಿಡ್ತಾರಾ ಯಾರಾದ್ರೂ? ಮೊದಲು ವಿಮಾನ ಹತ್ತಿ" ಅಂತ ಬಾಯಿ ಬಡಿದುಕೊಂಡೆ. ನಂಗಲಿ ಚೆಕ್‌ಪೋಸ್ಟಿನಿಂದ ಆಚೆ ತಿರುಪತಿಗೆ ಹೋಗಿದ್ದೇ ನನ್ನ ದೊಡ್ಡ ವಿದೇಶ ಪ್ರವಾಸ. ಆದರೂ ಬುದ್ಧಿ ಹೇಳುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ರಫೀಕನನ್ನೂ ಕರೆಸಿ "ನೀವಾದ್ರೂ ಹೇಳಿ ಭಾಯ್" ಅಂದೆ. ಅವನು ಸೂಜಿ ಚುಚ್ಚಿಸಿಕೊಂಡ ಬೆರಳು ನೋಡಿಕೊಳ್ಳುತ್ತಾ, "ಅವಳ ಕೈ ಅವಳಿಗೆ ಗೊತ್ತು ಭಾಯ್, ನಂಗೇನ್ ಗೊತ್ತು" ಅಂದ. ಮುಗಿಯಿತು. ಮಿಡ್‌ವೈಫ್ ಅಂತಲೇ ಅರ್ಜಿ ತುಂಬಿದೆ.

ಕೆಲವು ವಾರ ಕಳೆದು ಅರ್ಜಿ ಹಾಗೇ ವಾಪಸ್ಸು ಬಂತು. ಕೆಲಸದ ಅನುಭವಕ್ಕೂ ಕೇಳಿದ ಲೈಸೆನ್ಸಿಗೂ ಹೊಂದಾಣಿಕೆ ಇಲ್ಲ, ಹೊಸ ಪತ್ರ ಕೊಟ್ಟರೆ ಇನ್ನೊಂದು ಸಲ ನೋಡುತ್ತೇವೆ, ಅದೇ ಕೊನೆ ಅಂತ. ನನಗೆ ಎಲ್ಲಿಲ್ಲದ ಕೋಪ ಬಂತು. ಮುಳಬಾಗಿಲಿನ ಎಷ್ಟು ಮಕ್ಕಳು ಈಕೆಯ ಕೈಯಲ್ಲಿ ಹುಟ್ಟಿ ಶಾಲೆಗೆ ಹೋಗುತ್ತಿವೆ, ಇವರಿಗೆ ಅನುಭವ ಇಲ್ಲವಂತೆ! ಆಮೇಲೆ ಇಬ್ಬರೂ ಕೂತು ಡಾಕ್ಟ್ರು ಕೊಟ್ಟಿದ್ದ ಅನುಭವ ಪತ್ರ ಓದಿದೆವು. ಎಂಥಾ ಪತ್ರ ಅಂತೀರಿ! ಜ್ವರದ ವಾರ್ಡು, ಮಕ್ಕಳ ವಾರ್ಡು, ಆಪರೇಷನ್ ಕೋಣೆ, ಔಷಧಿ ಅಂಗಡಿ, ಎಲ್ಲದರಲ್ಲೂ ಈಕೆ ದುಡಿದಿದ್ದಾಳೆ, ನಮ್ಮ ಮನೆ ಮಗಳಿದ್ದ ಹಾಗೆ, ಯಾವ ಕೆಲಸ ಕೊಟ್ಟರೂ ಬೇಡ ಅಂದವಳಲ್ಲ. ಮದುವೆಗೆ ಹೆಣ್ಣು ತೋರಿಸುವಾಗ ಹೊಗಳುತ್ತಾರಲ್ಲ, ಹಾಗೆ ಹೊಗಳಿದ್ದರು. ಹೆರಿಗೆ ಅನ್ನುವ ಮಾತು ಆ ಸಾಲಿನಲ್ಲಿ ಎಲ್ಲೋ ನಡುವೆ ಒಂದು ಸಲ ಬಂದು ಹೋಗಿತ್ತು. ನಮ್ಮಲ್ಲಿ ಪತ್ರ ಬರೆಯುವುದೇ ಹಾಗೆ. ಜಾಸ್ತಿ ಬರೆದಷ್ಟೂ ಜಾಸ್ತಿ ಮರ್ಯಾದೆ.

"ನಡೀರಿ ಅಣ್ಣಾ, ಶ್ರೀನಿವಾಸಪುರಕ್ಕೆ" ಅಂದರು ಸಿಸ್ಟರಮ್ಮ. ಅಂಗಡಿ ಹೆಂಡತಿಗೆ ಬಿಟ್ಟು ಹೊರಟೆ. ಮಾವಿನ ಕಾಲ. ದಾರಿಯುದ್ದಕ್ಕೂ ಕಾಯಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಅವರು ಕಿಟಕಿಯ ಸರಳು ಹಿಡಿದು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಪ್ರಾರ್ಥನೆಯೋ, ಡಾಕ್ಟ್ರ ಹತ್ತಿರ ಆಡಬೇಕಾದ ಮಾತೋ, ನಾನು ಕೇಳಲಿಲ್ಲ.

ಡಾಕ್ಟ್ರು ತೋಟದ ಮನೆಯ ಜಗಲಿಯಲ್ಲಿ ಪಂಚೆ ಉಟ್ಟುಕೊಂಡು ಬಾದಾಮಿ ಮಾವಿನ ಹಣ್ಣು ಹೆಚ್ಚುತ್ತಿದ್ದರು. "ಏನಮ್ಮಾ ನೂರ್, ಇನ್ನೂ ಹೊರಟಿಲ್ವಾ ನೀನು? ತಿನ್ನು, ಮೊದಲು ತಿನ್ನು." ವಿಷಯ ಕೇಳಿದ ಮೇಲೆ ಮುಖ ಊದಿಸಿಕೊಂಡರು.

"ಬರೀ ಹೆರಿಗೆ ಅಂತ ಬರೆದ್ರೆ ಏನರ್ಥ? ಇನ್ನೇನೂ ಬರಲ್ಲ ಅಂತ ತಾನೆ? ನಿನ್ನ ಕೀಳು ಮಾಡಿದ ಹಾಗಲ್ವೇನಮ್ಮಾ?"

ನಾನು ನಡುವೆ ಬಾಯಿ ಹಾಕಿದೆ. "ಸಾರ್, ಬೇರೆ ಕೆಲಸ ಮಾಡೇ ಇಲ್ಲ ಅಂತ ಬರೆದ್ಬಿಡಿ. ಯಾರ್ ಬಂದು ನೋಡ್ತಾರೆ?"

"ಸುಳ್ಳು ಬರೀಲಾ ನಾನು?" ಅಂತ ಡಾಕ್ಟ್ರು ಗುಡುಗಿದರು. "ಸುಮ್ನಿರಿ ಅಣ್ಣಾ" ಅಂತ ಸಿಸ್ಟರಮ್ಮನೂ ಗದರಿದರು. ನಾನು ಹಣ್ಣು ತಿನ್ನುವ ಕೆಲಸ ನೋಡಿಕೊಂಡೆ.

"ಸುಳ್ಳು ಬೇಡ ಸಾರ್. ನಿಜಾನೇ ಬರೀರಿ. ಇಂಜೆಕ್ಷನ್ ನಾನಿಲ್ದಿದ್ರೆ ಇನ್ನೊಬ್ಬರು ಹಾಕ್ತಿದ್ರು. ಪಟ್ಟೀನೂ ಅಷ್ಟೇ. ಹೆರಿಗೆ ನೋವು ಅಂತ ಬಂದ್ರೆ ನೀವು ಯಾರನ್ನ ಕೂಗ್ತಿದ್ರಿ?"

"ನಿನ್ನನ್ನೇ."

"ನೀವು ಯಾವಾಗ ಒಳಗೆ ಬರ್ತಿದ್ರಿ?"

ಡಾಕ್ಟ್ರ ಕೈಯಲ್ಲಿ ಚಾಕು ನಿಂತುಹೋಯಿತು. ನಿಮಗೆ ಒಂದು ಮಾತು ಹೇಳಬೇಕು. ಡಾಕ್ಟ್ರದು ಒಳ್ಳೆಯ ಕೈ. ಕಷ್ಟದ ಹೆರಿಗೆಗಳಲ್ಲಿ ತಾಯಿ ಮಗು ಇಬ್ಬರನ್ನೂ ಉಳಿಸಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಲೀಸಾದ ಹೆರಿಗೆಗೂ ಹೆಸರು ಅವರದೇ. ಮಗು ಹುಟ್ಟಿದ ಮೇಲೆ ಅವರು ತಮ್ಮ ಕೋಣೆಯಿಂದ ಬಂದು ಗಂಡೋ ಹೆಣ್ಣೋ ಹೇಳುತ್ತಿದ್ದರು, ನಾವು ಅವರ ಕಾಲಿಗೆ ಬೀಳುತ್ತಿದ್ದೆವು. ನಾನೂ ಬಿದ್ದಿದ್ದೇನೆ. ಅದು ಹಾಗೇ ನಡೆದುಕೊಂಡು ಬಂದಿತ್ತು, ಯಾರೂ ಪ್ರಶ್ನೆ ಮಾಡಿರಲಿಲ್ಲ.

"ನೀನು ಕರೆದಾಗ," ಅಂದರು ಕೊನೆಗೆ.

"ಅದನ್ನೇ ಬರೀರಿ ಸಾರ್."

"ಅದನ್ನ ಬರೆದ್ರೆ ನಂಗೇನ್ ಉಳೀತಮ್ಮಾ? ಅರ್ಧ ಊರು ನನ್ನ ಕೈಯಲ್ಲಿ ಹುಟ್ಟಿದ್ದು ಅಂತ ಹೇಳ್ಕೊಂಡು ಓಡಾಡಿದೀನಿ ಕಣೇ."

"ಈಗ್ಲೂ ಹೇಳ್ಕೊಳಿ ಸಾರ್. ನಾನು ಯಾವತ್ತಾದ್ರೂ ಅಲ್ಲ ಅಂದಿದೀನಾ? ಮುಂದೇನೂ ಅನ್ನಲ್ಲ." ಸಿಸ್ಟರಮ್ಮ ಎರಡೂ ಕೈ ಮುಂದೆ ಚಾಚಿದರು. "ನನ್ನ ಕೈ ಇನ್ನೂ ಗಟ್ಟಿ ಇದೆ ಸಾರ್. ಮಗು ತಲೆ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಇಂಥ ಕೈ ಇಟ್ಕೊಂಡು ಬಿಪಿ ನೋಡ್ತಾ ಮುದುಕಿ ಆಗಕ್ಕೆ ನಂಗಿಷ್ಟ ಇಲ್ಲ. ನರ್ಸ್ ಲೈಸೆನ್ಸ್ ತಗೊಂಡು ಹೆರಿಗೆ ಕೋಣೆ ಹೊರಗೆ ನಿಂತ್ಕೊಳ್ಳೋದಕ್ಕೂ ಇಷ್ಟ ಇಲ್ಲ. ಕೊಟ್ರೆ ಇದು ಕೊಡಿ, ಇಲ್ಲಾಂದ್ರೆ ನಾನು ಹೋಗೋದೇ ಇಲ್ಲ."

ಡಾಕ್ಟ್ರು ಚಾಕು ಕೆಳಗಿಟ್ಟರು. ಕೈ ತೊಳೆದುಕೊಂಡು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರ ಕೈಯಲ್ಲಿ ಹೊಸ ಪತ್ರ ಇತ್ತು. ಇಂಗ್ಲಿಷಿನಲ್ಲಿ ಬರೆದಿದ್ದನ್ನು ನಮಗೆ ಕನ್ನಡದಲ್ಲಿ ಹೇಳಿದರು. ಬೇರೆ ವಾರ್ಡಿನ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಉಳಿದದ್ದೆಲ್ಲ ಹೆರಿಗೆ ಕೋಣೆ. ಕೊನೆಯಲ್ಲಿ, "ಸಹಜ ಹೆರಿಗೆಗಳ ಪೂರ್ತಿ ಹೊಣೆ ಈಕೆಯದೇ ಆಗಿತ್ತು. ಈಕೆ ಕರೆದಾಗ ಮಾತ್ರ ನಾನು ಒಳಗೆ ಹೋಗುತ್ತಿದ್ದೆ."

ಓದಿ ಮುಗಿಸಿ, ಯಾರ ಮುಖವನ್ನೂ ನೋಡದೆ, "ತೋತಾಪುರಿ ಒಂದು ಚೀಲ ತಗೊಂಡ್ ಹೋಗಿ, ಉಪ್ಪಿನಕಾಯಿಗಾಗುತ್ತೆ" ಅಂದರು. ಬಸ್ಸಿನಲ್ಲಿ ಸಿಸ್ಟರಮ್ಮ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಅತ್ತರು. "ದೊಡ್ಡ ಮನುಷ್ಯರು ಅಣ್ಣಾ ಅವರು" ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಆಮೇಲಿನದು ಓಡಾಟ. ಆ ಪತ್ರ ನಿಜವೇ ಅಂತ ಅಲ್ಲಿಯವರು ಡಾಕ್ಟ್ರನ್ನು ಕೇಳಿದರು, ಡಾಕ್ಟ್ರು ಹೌದು ಅಂದರು. ಸಿಸ್ಟರಮ್ಮ ಮನೆ ಕೆಲಸ ಮುಗಿಸಿ ಬಂದು ನನ್ನ ಜೆರಾಕ್ಸ್ ಮೆಷಿನ್ ಪಕ್ಕ ಕೂತು ಪರೀಕ್ಷೆಗೆ ಓದುತ್ತಿದ್ದರು. ಪ್ರಶ್ನೆ ಕೇಳುವುದಕ್ಕೆ ನಾನು. ಹೆರಿಗೆ ಬಗ್ಗೆ ಆಗ ನನಗೆ ತಿಳಿದಷ್ಟು ನಮ್ಮ ಓಣಿಯ ಯಾವ ಗಂಡಸಿಗೂ ತಿಳಿದಿರಲಿಕ್ಕಿಲ್ಲ. ಒಂದು ದಿನ ಗಿರಾಕಿಯೊಬ್ಬರು ನನ್ನ ಪ್ರಶ್ನೆ ಕೇಳಿ ಜೆರಾಕ್ಸ್ ಮಾಡಿಸದೆ ಹಾಗೇ ತಿರುಗಿ ಹೋದರು. ಸಿಸ್ಟರಮ್ಮ ಬೆಂಗಳೂರಿನಲ್ಲಿ ಪರೀಕ್ಷೆ ಬರೆದು ಪಾಸಾದರು. ಮಿಡ್‌ವೈಫ್ ಅಂತಲೇ ಲೈಸೆನ್ಸು ಬಂತು, ಅದೇ ಹೆಸರಿನಲ್ಲಿ ಕೆಲಸವೂ ಸಿಕ್ಕಿತು. ಹೋದ ತಿಂಗಳು ವಿಮಾನ ಹತ್ತಿದರು.

ಆದರೆ ಅಲ್ಲಿ ಹೋದ ತಕ್ಷಣ ಕೈ ಹಾಕುವುದಕ್ಕೆ ಬಿಡುವುದಿಲ್ಲ. ಕೆಲವು ವಾರ ಪಕ್ಕದಲ್ಲಿ ನಿಂತು ನೋಡಬೇಕು, ಅವರಿಗೆ ನಂಬಿಕೆ ಬರಬೇಕು. "ಇನ್ನೂ ನಿಲ್ಲಿಸಿಯೇ ಇಟ್ಟಿದಾರೆ ಅಣ್ಣಾ" ಅಂತ ಹೋದ ವಾರ ವಾಯ್ಸ್ ಮೆಸೇಜು ಕಳಿಸಿದ್ದರು. ದನಿ ಚೆನ್ನಾಗಿರಲಿಲ್ಲ. ಅವತ್ತಿನಿಂದ ನನಗೂ ಊಟ ರುಚಿಸಿಲ್ಲ. ನಾಳೆ ಬಿಡದಿದ್ದರೆ? ಇಷ್ಟೆಲ್ಲ ಮಾಡಿ ಅಲ್ಲೂ ಬಾಗಿಲಲ್ಲೇ ನಿಂತರೆ?

ಇವತ್ತು ಮಧ್ಯಾಹ್ನ ಡಾಕ್ಟ್ರು ಶ್ರೀನಿವಾಸಪುರದಿಂದ ಬಂದರು. ಕ್ಲಿನಿಕ್ಕಿನ ಕೆಲಸ ಮುಗಿಸಿ ನೇರ ನನ್ನ ಅಂಗಡಿಗೆ. ಕುರ್ಚಿ ಎಳೆದುಕೊಂಡು, ಇದ್ದಷ್ಟು ಕೂದಲು ಸರಿ ಮಾಡಿಕೊಂಡು, "ನೂರ್‌ಗೆ ಒಂದು ವೀಡಿಯೋ ಕಾಲ್ ಹಾಕಪ್ಪಾ. ಹೋದಾಗಿಂದ ಮಾತೇ ಆಡಿಲ್ಲ" ಅಂದರು.

ಹಾಕಿದೆ. ಎತ್ತಿದರು. ತಲೆಗೆ ಟೋಪಿ, ಹಿಂದೆ ಬೆಳ್ಳಗಿನ ಗೋಡೆ, ಅವಸರದ ನಡಿಗೆ.

"ಸಾರ್! ನಮಸ್ಕಾರ ಸಾರ್. ಈಗ ಆಗಲ್ಲ ಸಾರ್. ಇವತ್ತು ನನ್ನ ಕೈಗೇ ಬಿಟ್ಟಿದಾರೆ. ಒಳಗೆ ಹೋಗ್ತಿದೀನಿ. ಇಡ್ತೀನಿ."

ಪರದೆ ಕಪ್ಪಾಯಿತು. ಡಾಕ್ಟ್ರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

"ಕಟ್ ಮಾಡ್ಬಿಟ್ಲು," ಅಂದರು. "ನನ್ನನ್ನೇ ಕಟ್ ಮಾಡ್ಬಿಟ್ಲು ನೋಡಯ್ಯಾ!" ಅಂದು ನಗುವುದಕ್ಕೆ ಶುರು ಮಾಡಿದರು. ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ ಹಾಕಲಾ ಸಾರ್ ಅಂತ ಫೋನಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದು ತಡೆದರು.

"ಬೇಡ. ಒಳಗೆ ಹೆರಿಗೆ ನಡೀತಾ ಇದೆ. ಅವಳೇ ಮಾಡ್ತಾಳೆ. ಕಾಯೋಣ."

ಟೀ ತರಿಸಿದೆ. ಫೋನು ಮೇಜಿನ ಮೇಲಿಟ್ಟುಕೊಂಡು ಇಬ್ಬರೂ ಕಾಯುತ್ತಾ ಕೂತೆವು.