ಎರಡು ಮಾತ್ರೆ ನುಂಗಿ ಬೀಗರೂಟಕ್ಕೆ ಕೂತ ಮಾವ

ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿನ ಯಜಮಾನರು ಜೇಬಿನಿಂದ ಗ್ಯಾಸಿನ ಪುಡಿಯ ಪೊಟ್ಟಣ ತೆಗೆದು, ಹಲ್ಲಲ್ಲಿ ಹರಿದು, ನೀರಿನ ಬಾಟಲಿಗೆ ಸುರಿದರು. ಬುಸ್ಸೆಂದು ನೊರೆ ಎದ್ದಿತು. ನಿಂಬೆಹಣ್ಣನ್ನು ಸೋಪಿನಪುಡಿಯಲ್ಲಿ ತೊಳೆದರೆ ಹೇಗೋ ಹಾಗಿರುತ್ತದೆ ಅದರ ವಾಸನೆ. "ಗ್ಯಾಸು" ಅಂದರು ನನ್ನ ಕಡೆ ತಿರುಗಿ. ನಮ್ಮ ಸೀಮೆಯ ಗಂಡಸರು ಈಗ ಹೀಗೆಯೇ ಪರಿಚಯ ಮಾಡಿಕೊಳ್ಳುವುದು; ಹೆಸರು, ಊರು ಎಲ್ಲ ಆಮೇಲೆ. ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಪಾಪ, ಅವರದೇನೂ ತಪ್ಪಿಲ್ಲ. ಆ ವಾಸನೆ ನನಗೆ ಆಗುವುದಿಲ್ಲ, ಅಷ್ಟೆ.

ಹೊರಟಿದ್ದು ಪೂರಿಗಾಲಿಗೆ. ಅಲ್ಲಿ ನನ್ನ ಸೋದರಮಾವನ ಮಗ ಗಿರೀಶ ಇದ್ದಾನೆ. ಅವನನ್ನು ಹೇಗಾದರೂ ಎಬ್ಬಿಸಿಕೊಂಡು ಮಂಡ್ಯಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ಹೋದ ಎರಡು ಸಲವೂ "ಮುಂದಿನ್ವಾರ ಬತ್ತೀನಿ ಓಗ್ಲಾ" ಅಂತ ಸಾಗಹಾಕಿದ್ದ. ಅವನಿಗಿನ್ನೂ ಮೂವತ್ತಾಗಿಲ್ಲ, ಹೊಟ್ಟೆ ಮಾತ್ರ ಆಗಲೇ ಐವತ್ತು ದಾಟಿದೆ.

ನನ್ನ ಚಟವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತದೆ. ಹನಕೆರೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಜನ ಬರುವುದು ಮೊಬೈಲಿಗಲ್ಲ, ಬಸ್ಸಿನ ಕಂಡಕ್ಟರನ್ನೋ ಹೆಡ್‌ಮೇಷ್ಟ್ರನ್ನೋ 'ಮಾಡಿಸಿಕೊಂಡು' ಹೋಗುವುದಕ್ಕೆ. ಒಮ್ಮೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆಗೆ ಅವರದೇ ದನಿಯಲ್ಲಿ ಉತ್ತರ ಕೊಟ್ಟಿದ್ದೆ. ನನಗಿನ್ನೂ ಮದುವೆಯಾಗಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈ ಚಟಕ್ಕೆ ಸಿಕ್ಕ ಒಳ್ಳೆಯ ಸರಕೆಂದರೆ ಗಿರೀಶನ ಅಪ್ಪ, ನನ್ನ ಮಾವ. ಹೊಟ್ಟೆ ಮೊದಲು ಜಗಲಿ ಹತ್ತುತ್ತಿತ್ತು, ಮಾವ ಅದರ ಹಿಂದೆ. ವರ್ಷಕ್ಕೊಮ್ಮೆ ಉಡಿದಾರ ಬದಲಿಸುವಾಗ ಅತ್ತೆ ಹೊಸ ದಾರವನ್ನು ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ ಕತ್ತರಿಸಬೇಕಾಗುತ್ತಿತ್ತು. ಊರವರು ಅದನ್ನು ಕಾಯಿಲೆ ಅಂತ ಯಾವತ್ತೂ ಕರೆದವರಲ್ಲ. "ಮೈಕಟ್ಟು ಅಂದ್ರೆ ಅದು ಕಣಪ್ಪ" ಅನ್ನುತ್ತಿದ್ದರು. ಬಿ.ಪಿ., ಸಕ್ಕರೆ, ಕೊಬ್ಬು ಮೂರಕ್ಕೂ ಮಾವನ ಅಂಗಿಯ ಜೇಬಿನಲ್ಲಿ ಮಾತ್ರೆಗಳಿದ್ದವು. ಕೇಳಿದವರಿಗೆಲ್ಲ ಹೇಳುತ್ತಿದ್ದ, "ಬೀಪಿ ನಮ್ಮಪ್ಪನ ಕಡೇದು, ಸುಗರು ನಮ್ಮವ್ವನ ಕಡೇದು, ಕೊಬ್ಬು ಮಾತ್ರ ನನ್ ಸ್ವಂತ ಸಂಪಾದ್ನೆ ಕಣ್ಲಾ!"

ಡಾಕ್ಟರು ಸಕ್ಕರೆ ಬಿಡು ಅಂದಾಗ ಬಿಟ್ಟ. ಬೆಲ್ಲ ಬಿಡಲಿಲ್ಲ, ಅದು ನಮ್ಮದೇ ಆಲೆಮನೆಯದು, ಅದರಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ಮುದ್ದೆ ಉಂಡ ದಿನ ಮಾತ್ರೆಯೂ ಬೇಡ, ರಾಗಿಯೇ ಔಷಧ. ಅಂದರೆ ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲ ದಿನವೂ ಬೇಡ. ಈ ಮಾತ್ರೆಯ ಬಾಕಿಯೆಲ್ಲ ತೀರುತ್ತಿದ್ದದ್ದು ಬೀಗರೂಟದ ದಿನ.

ಬೀಗರೂಟ ನಿಮಗೆ ಗೊತ್ತಲ್ಲ, ಮದುವೆಯ ಪಾಯಸಕ್ಕೆ ಬೇಸತ್ತವರೆಲ್ಲ ಮಾರನೆಯ ದಿನ ಬಾಡೂಟಕ್ಕೆ ಮುಗಿಬೀಳುವುದು. ಪಂತಿ ಏಳುವುದನ್ನು ಕಾಯುತ್ತ ನಿಂತ ಗಂಡಸರನ್ನು ಒಂದು ಸಲ ಸುಮ್ಮನೆ ನೋಡಿ. ಒಬ್ಬೊಬ್ಬರೇ ಜೇಬಿಗೆ ಕೈಹಾಕಿ ಮಾತ್ರೆಯ ಶೀಟು ತೆಗೆಯುತ್ತಾರೆ. ತರದವನು ತಂದವನ ಹತ್ತಿರ ಬೀಡಿ ಕೇಳಿದ ಹಾಗೆ ಕೇಳುತ್ತಾನೆ, "ಒಂದ್ ಕೊಡ್ಲಾ, ಮರ್ತು ಬಂದ್ಬುಟ್ಟೆ." ಯಾವ ಮಾತ್ರೆ, ಎಷ್ಟರದು, ಯಾರದು, ಯಾರೂ ನೋಡುವುದಿಲ್ಲ. ಮಾವ ಎರಡು ನುಂಗುತ್ತಿದ್ದ. "ಒಂದು ನಂಗೆ, ಒಂದು ಬಾಡಿಗೆ" ಅಂತ ಹೊಟ್ಟೆ ಸವರಿಕೊಂಡು ಕೂರುತ್ತಿದ್ದ.

ಅವತ್ತು ಬೀಗರೂಟ ಮಳವಳ್ಳಿಯ ಛತ್ರದಲ್ಲಿ. ಮಾವನದು ಊಟ ಆಗಿತ್ತು. ನಾಲ್ಕು ಜನ ನನ್ನನ್ನು ನಡುವೆ ನಿಲ್ಲಿಸಿ, "ನಿಮ್ಮಾವನ್ನ ಮಾಡ್ಲಾ" ಅಂದರು. ಮಾಡಿದೆ. ಪಂಚೆಯೊಳಗೆ ಟವೆಲು ತುರುಕಿ, ಎರಡು ಮಾತ್ರೆ ನುಂಗಿ, ಮೂರು ಮುದ್ದೆ ಇಳಿಸಿ, ಕೊನೆಗೆ ಎದೆಯ ಮೇಲೆ ಕೈಯಿಟ್ಟು, ಕಣ್ಣು ಮೇಲೆ ಮಾಡಿ, "ಏನಿಲ್ಲ ಬುಡ್ರಲಾ, ಗ್ಯಾಸು!" ಛತ್ರವೇ ನಕ್ಕಿತು. ಕುರ್ಚಿಯಲ್ಲಿ ಕೂತಿದ್ದ ಮಾವನೂ ನಕ್ಕ. ನಗುತ್ತಲೇ ಎದೆಯ ಮೇಲೆ ಕೈಯಿಟ್ಟ. ಅವನ ಹಣೆಯಲ್ಲಿ ಬೆವರಿತ್ತು.

"ನೋಡ್ರಪ್ಪಾ, ನನಗಿಂತ ಚೆನ್ನಾಗಿ ಮಾಡ್ತವ್ನೆ!" ಅಂತ ಕೂಗಿದವನು ನಾನೇ.

ಜನ ಅವನ ಕಡೆ ತಿರುಗಿ ಇನ್ನೂ ನಕ್ಕರು. ಮಾವ "ಗ್ಯಾಸು ಕಣ್ಲಾ" ಅಂದ. ನನ್ನ ದನಿಗೂ ಅವನ ದನಿಗೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ನನ್ನ ಕಲೆ ಅಷ್ಟು ಮುಂದುವರಿದಿತ್ತು. ಯಾರೋ ಪುಡಿ ತಂದು ಲೋಟಕ್ಕೆ ಸುರಿದರು. ಬುಸ್ಸೆಂದಿತು. ಕುಡಿದ. ತೇಗು ಬರಲೆಂದು ಕಾದೆವು. ಎಡಗೈ ಜೋಮು ಅಂದ, ಉಜ್ಜಿದೆವು. ಹೀಗೆ ಎರಡು ಗಂಟೆ. ಕೊನೆಗೆ ಅತ್ತೆ ಹೆಂಗಸರ ಪಂತಿಯಿಂದ ಎದ್ದು ಬಂದು ಗಂಡನ ಮುಖ ನೋಡಿ, ನನ್ನ ಕೆನ್ನೆಗೊಂದು ಬಿಟ್ಟು, "ಕಾರ್ ತಗಿಯೋ ಗಿರೀಸಾ" ಎಂದು ಕಿರುಚಿದಳು.

ಮಂಡ್ಯದ ಆಸ್ಪತ್ರೆಯಲ್ಲಿ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, "ನೋವು ಶುರುವಾಗಿ ಎಷ್ಟು ಹೊತ್ತಾಯ್ತು?" ಗಿರೀಶ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಎರಡನೇ ದಿನ ಮಾವ ಕಣ್ಣುಬಿಟ್ಟು ಮಾತಾಡಿದಾಗ, ಎಳೇ ವಯಸ್ಸಿನ ಡಾಕ್ಟರಮ್ಮ ಒಂದು ಟೇಪು ತಂದು ಅವನ ಹೊಟ್ಟೆಗೆ ಸುತ್ತಿದರು. ಎದೆನೋವಿಗೆ ಬಂದವನ ಹೊಟ್ಟೆ ಅಳೆಯುವುದು ನೋಡಿ ದರ್ಜಿ ಅಂಗಡಿ ನೆನಪಾಗಿ ನನಗೆ ನಗು ಬಂತು. ಆಕೆ ನಗಲಿಲ್ಲ. "ನೀವು ಇವನ್ನೆಲ್ಲ ಬೇರೆ ಬೇರೆ ಕಾಯಿಲೆ ಅಂದ್ಕೊಂಡಿದ್ದೀರಿ. ಹೊಟ್ಟೆಯ ಸುತ್ತಳತೆ, ಬಿ.ಪಿ., ಸಕ್ಕರೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಜಾಸ್ತಿ, ಒಳ್ಳೇ ಕೊಬ್ಬು ಕಮ್ಮಿ, ಈ ಐದರಲ್ಲಿ ಮೂರು ಒಂದೇ ಮೈಯಲ್ಲಿ ಸೇರಿದ್ರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅಂತೀವಿ. ನಿಮ್ಮವರಿಗೆ ಐದೂ ಇದೆ. ಹಾರ್ಟಿಗೆ ಬಂದದ್ದು ಇವತ್ತಲ್ಲ, ಹತ್ತು ವರ್ಷದಿಂದ ಬರ್ತಾ ಇತ್ತು."

ವಾರ್ಡನ್ನು ಒಮ್ಮೆ ನೋಡಿದೆ. ಹಾಸಿಗೆ ಹಾಸಿಗೆಗೂ ಮಾವನ ಹೊಟ್ಟೆಯೇ, ಬೆಡ್‌ಶೀಟಿನ ಕೆಳಗೆ ಸಾಲಾಗಿ.

ಆಕೆ ನನಗೂ ಟೇಪು ಸುತ್ತಿದರು. ಉಸಿರು ಒಳಗೆಳೆದುಕೊಂಡು ನಿಂತೆ. "ಬಿಡಿ ಉಸಿರು, ನಿಮಗೇನು ಇಲ್ಲಿ ಹೆಣ್ಣು ತೋರಿಸ್ತಿಲ್ಲ" ಅಂದರು. ಬಿಟ್ಟೆ, ಗಡಿಯಲ್ಲಿದ್ದೆ. ಗಿರೀಶನ ಸರದಿ ಬಂದಾಗ ಅವನು ಕಾರು ಅಡ್ಡ ನಿಂತಿದೆ ಅಂತ ಹೊರಗೆ ಹೋಗಿದ್ದ. "ಮಗನಿಗೆ ಈಗಲೇ ಶುರುವಾಗಿರುತ್ತೆ. ಬೇಗ ಕರ್ಕೊಂಡು ಬನ್ನಿ. ಈಗಾದರೆ ತಿರುಗಿಸಬಹುದು" ಅಂದರು. ತಿರುಗಿಸಬಹುದು ಅನ್ನುವ ಮಾತನ್ನು ಆ ವಾರ್ಡಿನಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಅವತ್ತು ಸಂಜೆ ಮಾವ ಮೆಲ್ಲಗೆ, "ಡಾಕ್ಟ್ರಮ್ಮನ್ನ ಮಾಡ್ಲಾ ಒಂದ್ಸಲ" ಅಂದ. ಕಿವಿಯ ಹತ್ತಿರ ಬಗ್ಗಿ ಮಾಡಿದೆ. ತುಟಿ ಮಾತ್ರ ನಕ್ಕಿತು. ಮಾರನೆಯ ಬೆಳಗ್ಗೆ ಅತ್ತೆಗೆ ಕಾಫಿ ತರಲು ಇಳಿದವನು ಹತ್ತಿ ಬರುವಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಎರಡು ಗಂಟೆ ಮೊದಲೇ ಬಂದಿದ್ದರೆ ಉಳಿಯುತ್ತಿದ್ದನೇ ಅಂತ ಡಾಕ್ಟರಮ್ಮನನ್ನು ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಹನ್ನೊಂದನೇ ದಿನದ ತಿಥಿಗೆ ಕುರಿ ಕಡಿದರು. ಎಲೆಯ ಮುಂದೆ ಕೂತ ನೆಂಟರೆಲ್ಲ, "ಅವ್ನಿಗೆ ಬಾಡು ಅಂದ್ರೆ ಪ್ರಾಣ ಕಣಮ್ಮ" ಅಂತ ಅತ್ತೆಗೆ ಸಮಾಧಾನ ಹೇಳುತ್ತ ಜೇಬಿಗೆ ಕೈಹಾಕಿದರು. ನಾನೂ ಉಂಡೆ. ಗಿರೀಶ ನನ್ನ ಎದುರಿಗಿದ್ದ. ಬಡಿಸುತ್ತಿದ್ದವರು ಅವನ ಎಲೆಗೆ ಇನ್ನೊಂದು ಮುದ್ದೆ ಬಿಟ್ಟು, "ತೇಟ್ ಅಪ್ಪನೇ!" ಅಂದರು. ಅವನ ಮುಖ ಅರಳಿತು. ಅಪ್ಪನನ್ನು ಕಳೆದುಕೊಂಡ ಮಗನಿಗೆ ಅದಕ್ಕಿಂತ ಒಳ್ಳೆಯ ಮಾತು ಯಾರು ಹೇಳಿಯಾರು?

ಬಸ್ಸಿಳಿದು ಪೂರಿಗಾಲಿಗೆ ಬಂದಾಗ ಗಂಟೆ ಹನ್ನೊಂದಾಗಿತ್ತು. ಗಿರೀಶ ಜಗಲಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. "ಎದ್ದೇಳು, ಮಂಡ್ಯಕ್ಕೆ ಓಗಾಣ" ಅಂದೆ. ದಾರಿಯುದ್ದಕ್ಕೂ ಯೋಚಿಸಿದ್ದೆ, ಇವತ್ತು ಯಾರನ್ನೂ ಮಾಡಬಾರದು. ಹೆದರಿಸಲು ಡಾಕ್ಟರಮ್ಮನೂ ಬೇಡ, ಅಳಿಸಲು ಮಾವನೂ ಬೇಡ. ಅವನ ಪಕ್ಕ ಕೂತು, ಮೆಲ್ಲಗೆ ಹೇಳಿದೆ. ಅವತ್ತು ಎರಡು ಗಂಟೆ ಹೋದದ್ದು ನನ್ನಿಂದ ಅಂದೆ. ನಿನ್ನನ್ನೂ ಕಳಕೊಳ್ಳುವ ಶಕ್ತಿ ನನಗೂ ನಿಮ್ಮವ್ವನಿಗೂ ಇಲ್ಲ ಅಂದೆ.

ಗಿರೀಶ ಮೊಬೈಲು ಕೆಳಗಿಟ್ಟು ಗಮನವಿಟ್ಟು ಕೇಳಿದ. ಮುಗಿದ ಮೇಲೆ ತಲೆ ಓರೆ ಮಾಡಿದ.

"ಚೆನ್ನಾಗದೆ ಕಣ್ಲಾ" ಅಂದ. "ಇದ್ಯಾರ ದನಿ? ಗುರ್ತೇ ಸಿಗ್ನಿಲ್ಲ."