ಅಣ್ಣನ ಮೋಟರಿನ ಪಿನ್ನು

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ದಾಂಡೇಲಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಫಿಟರ್ ಆಗಿ ದುಡಿದೆ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡುವ ತಾಳ್ಮೆ ಬೇಕು ಅಷ್ಟೆ. ಹೊಸ ಮಷಿನಿಗೆ ನಿಂಬೆಹಣ್ಣು ಕಟ್ಟುವವರನ್ನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಈಗ ನಾನು ಹೇಳುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರನ್ನೂ ಬಿಡುತ್ತಿರಲಿಲ್ಲ.

ನನ್ನ ಅಣ್ಣ ಬಸಣ್ಣ ಜೋಯಿಡಾ ಕಡೆಯ ಹಿನ್ನೀರಿನಲ್ಲಿ ದೋಣಿ ನಡೆಸುತ್ತಿದ್ದ. ಬಲೆ ಹಾಕುವವರ ಮೀನನ್ನು ದಂಡೆಗೆ ತರುವುದು, ಆಚೆ ದಂಡೆಯವರನ್ನು ಈಚೆ ಬಿಡುವುದು ಅವನ ಕೆಲಸ. ದೋಣಿಯ ಹಿಂದೆ ಸಿಕ್ಕಿಸುವ ಅವನ ಮೋಟರು ನನಗಿಂತ ಎರಡು ಮೂರು ವರ್ಷಕ್ಕಷ್ಟೇ ಚಿಕ್ಕದು. ಗೋವಾದಲ್ಲಿ ಯಾರೋ ಗುಜರಿಗೆ ಹಾಕಲು ಹೊರಟಿದ್ದನ್ನು ಹೊತ್ತು ತಂದಿದ್ದ. ಅದರ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ, ಬೇಕಾದ್ದನ್ನು ನಾನೇ ಮಾಡಿಕೊಡುತ್ತಿದ್ದೆ.

ಆ ಮೋಟರಿನಲ್ಲಿ ನೀರು ತಳ್ಳುವ ಪಂಖವನ್ನು ತಿರುಗುವ ದಂಡಕ್ಕೆ ಹಿಡಿದಿಡುವುದು ಒಂದು ಸಣ್ಣ ಹಿತ್ತಾಳೆ ಪಿನ್ನು. ಮುರಿಯುವುದೇ ಅದರ ಕೆಲಸ. ಅಣೆಕಟ್ಟು ತುಂಬಿದಾಗ ಮುಳುಗಿದ ಮರಗಳ ಬೊಡ್ಡೆಗಳು ನೀರಿನಡಿ ಇನ್ನೂ ನಿಂತಿವೆ. ಪಂಖ ಅವಕ್ಕೆ ಬಡಿದರೆ ಪಿನ್ನು ಮುರಿದು ಪಂಖ ನಿಲ್ಲುತ್ತದೆ, ದೋಣಿ ಉಳಿಯುತ್ತದೆ. ವಾರಕ್ಕೆರಡು ಸಲ ನಡುನೀರಿನಲ್ಲಿ ಬಗ್ಗಿ ಹೊಸ ಪಿನ್ನು ಹಾಕಿ ಹಾಕಿ ಅಣ್ಣನಿಗೆ ಸಾಕಾಗಿತ್ತು. ಮುರಿಯದಂಥದ್ದೊಂದು ಮಾಡಿಕೊಡು ಎಂದ. ಮಾಡಿಕೊಟ್ಟೆ. ಉಕ್ಕಿನ ಸಲಾಕೆ ಕತ್ತರಿಸಿ, ಅರ ಹಾಕಿ ಉಜ್ಜಿ, ತುದಿಗೆ ನನ್ನ ಗುರುತಿನ ಒಂದು ಚುಕ್ಕೆ ಹೊಡೆದೆ. ನಾವು ಮಾಡಿದ್ದು ಯಾವತ್ತೂ ಮುರಿಯಬಾರದು ಎನ್ನುವುದು ನಮ್ಮಂಥ ಫಿಟರ್‌ಗಳಿಗೆ ಅಂಟಿದ ರೋಗ.

ಹನ್ನೆರಡನೇ ದಿನಕ್ಕೆ ಅಣ್ಣ ನೀರುಪಾಲಾದ. ಮಟಮಟ ಮಧ್ಯಾಹ್ನ, ಗಾಳಿಯೂ ಇರಲಿಲ್ಲ. ಖಾಲಿ ದೋಣಿ ದಂಡೆಗೆ ತಾಗಿ ನಿಂತಿತ್ತು. ಕುಡಿದು ಬಿದ್ದ ಎಂದರು ಜನ. ಅಣ್ಣ ಕುಡಿಯುತ್ತಿದ್ದುದು ನಿಜ, ಆದರೆ ದೋಣಿ ಹತ್ತುವ ದಿನ ಮುಟ್ಟುತ್ತಿರಲಿಲ್ಲ.

ಅಣ್ಣನನ್ನು ಮಣ್ಣು ಮಾಡಿ ಬಂದ ಮೇಲೆ ಮೋಟರನ್ನು ಮನೆಗೆ ತಂದು ಒಬ್ಬನೇ ಬಿಚ್ಚಿದೆ. ಪಂಖದ ಒಂದು ಎಲೆ ಡೊಂಕಾಗಿತ್ತು. ನನ್ನ ಉಕ್ಕಿನ ಪಿನ್ನು ಚುಕ್ಕೆ ಸಮೇತ ಇಡಿಯಾಗಿ ಕೂತಿತ್ತು. ಪಂಖ ಬೊಡ್ಡೆಗೆ ಬಡಿದಿದೆ, ಪಿನ್ನು ಮುರಿದಿಲ್ಲ, ದೋಣಿಯೇ ಎಗರಿ ಅಣ್ಣನನ್ನು ಎಸೆದಿದೆ. ಪಿನ್ನನ್ನು ಅಲ್ಲೇ ಬಿಟ್ಟು ಪಂಖವನ್ನು ಮತ್ತೆ ಕೂರಿಸಿ, ಮೋಟರನ್ನು ಗೋಣಿಯಲ್ಲಿ ಸುತ್ತಿ, ಅಂಬೇವಾಡಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿಟ್ಟು ಕೀಲಿ ಹಾಕಿದೆ. ಇದ್ದ ಒಂದೇ ಕೀಲಿಕೈ ನನ್ನ ಉಡದಾರದಲ್ಲಿತ್ತು. ಯಾರಿಗೂ ಹೇಳಲಿಲ್ಲ. ಜನ ಅಣ್ಣನನ್ನು ಕುಡುಕ ಎಂದಾಗ ಸುಮ್ಮನೆ ಕೇಳುತ್ತ ಕೂತೆ. ಅಳು ಬರಲಿಲ್ಲ. ಉಂಡೆ, ಪಾಳಿಗೆ ಹೋದೆ, ಬಂದು ಮಲಗಿದೆ. ಮೂರು ವರ್ಷ ಹೀಗೇ ಹೋಯಿತು.

ಒಂದು ಭಾನುವಾರ ಬೆಳಿಗ್ಗೆ ವೈನಿ ಬಂದರು, ಅಣ್ಣನ ಹೆಂಡತಿ. ಹಳಿಯಾಳದಲ್ಲಿರುವ ಅವರ ತಮ್ಮ ಇನ್ನು ಮುಂದೆ ಅಣ್ಣನ ದೋಣಿ ನಡೆಸುತ್ತಾನಂತೆ, ಮೋಟರು ರಿಪೇರಿ ಆಗಬೇಕಂತೆ. ಆದರೆ ಅವರು ಬಂದದ್ದು ಅದಕ್ಕಷ್ಟೇ ಅಲ್ಲ.

"ಬಿಚ್ಚುವಾಗ ನಾನೂ ಕುಂದರ್ತೇನಿ. ಅವರು ಕುಡದ ಬಿದ್ರೋ, ಮೋಟರ ಕೈ ಕೊಡ್ತೋ, ನನಗ ತಿಳೀಬೇಕು. ಮಗಳ ಮುಂದ ಮಂದಿ ಆಡ್ಕೋತಾರ," ಎಂದರು.

ಇನ್ನು ಮುಚ್ಚಿಡುವುದು ಬೇಡ ಎನಿಸಿತು. ಪಿನ್ನು ತೆಗೆದು ಅವರ ಕೈಗಿಟ್ಟು, ಇದು ನನ್ನ ತಪ್ಪು ಎಂದುಬಿಡುವುದು. ಶೆಡ್ಡಿಗೆ ನಡೆಯುತ್ತ ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ.

ಕೀಲಿ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟ ಮೇಲೆ ತೆರೆಯಿತು. ಗೋಣಿಯ ಮೇಲೆ ಜೇಡರ ಬಲೆ ಹಾಗೇ ಇತ್ತು. ಮೋಟರನ್ನು ಅಂಗಳಕ್ಕೆ ತಂದು ನಟ್ಟು ಬಿಚ್ಚಿ ಪಂಖ ಎಳೆದೆ. ಗೋಣಿಯ ಮೇಲೆ ಹಿತ್ತಾಳೆಯ ಎರಡು ತುಂಡು ಬಿದ್ದವು. ಮುರಿಯಬೇಕಾದಲ್ಲಿ, ಮುರಿಯಬೇಕಾದ ಹಾಗೆ ಮುರಿದ ಪಿನ್ನು.

ತೂತಿನಲ್ಲಿ ಬೆರಳು ಹಾಕಿ ನೋಡಿದೆ. ಗೋಣಿ ಕೊಡವಿದೆ. ಉಕ್ಕಿನ ಪಿನ್ನು ಎಲ್ಲೂ ಇರಲಿಲ್ಲ. ಪಂಖದ ಎಲೆ ಮಾತ್ರ ನಾನು ನೋಡಿದ್ದ ಹಾಗೆಯೇ ಡೊಂಕಾಗಿತ್ತು.

"ಪಿನ್ನ ಮುರದೈತಲ್ಲ," ಎಂದರು ವೈನಿ.

ಹೂಂ ಎಂದೆ.

"ಅಂದ್ರ ಹೊಸಾದ ಹಾಕಾಕ ಬಗ್ಗಿ ಜೋಲಿ ತಪ್ಪ್ಯಾರ. ಕುಡದಿದ್ದಿಲ್ಲ ಅವರು."

ಎರಡೂ ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಲ್ಲೇ ಕೂತು ಅತ್ತರು. ನನಗೆ ಹೆದರಿಕೆಯೂ ಆಗಲಿಲ್ಲ, ಹಗುರವೂ ಆಗಲಿಲ್ಲ. ಪಂಖದ ಎಲೆ ಬಡಿದು ನೇರ ಮಾಡಿದೆ, ಕಾರ್ಬುರೇಟರ್ ತೊಳೆದೆ, ಪ್ಲಗ್ ಬದಲಿಸಿದೆ, ಹೊಸ ಹಿತ್ತಾಳೆ ಪಿನ್ನು ಹಾಕಿದೆ. ನೀರಿನ ಡ್ರಮ್ಮಿಗೆ ಇಳಿಸಿ ಮೂರನೇ ಸಲ ಹಗ್ಗ ಎಳೆದಾಗ ಮೋಟರು ಶುರುವಾಯಿತು.

ದುಃಖದಲ್ಲಿ ಇದ್ದದ್ದೊಂದು, ಕಂಡದ್ದೊಂದು ಆಗಿರಬೇಕು ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡು ನೋಡಿದೆ. ಆದರೆ ಹಿತ್ತಾಳೆ ಪಿನ್ನು ಮುರಿದಿದ್ದರೆ ಪಂಖದ ಎಲೆ ಅಷ್ಟು ಡೊಂಕಾಗುವುದಿಲ್ಲ. ಯಾರೋ ಬದಲಿಸಿದರು ಎನ್ನೋಣವೆಂದರೆ ಆ ಕೀಲಿಗೆ, ಆ ಜೇಡರ ಬಲೆಗೆ ಏನು ಹೇಳಲಿ? ಬಿಚ್ಚಿ ನೋಡಿದರೆ ಕಾರಣ ಸಿಗುತ್ತದೆ ಎನ್ನುತ್ತಿದ್ದವನು ನಾನು. ಇಲ್ಲಿ ಎರಡು ಸಲ ಬಿಚ್ಚಿದೆ, ಎರಡು ಸಲವೂ ಬೇರೆ ಬೇರೆ ಕಂಡೆ.

ಹೋದ ವರ್ಷ ತಡೆಯಲಾರದೆ ವೈನಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಉಕ್ಕಿನ ಪಿನ್ನು ಮಾಡಿದ್ದು, ಅದನ್ನು ನೋಡಿಯೂ ಮುಚ್ಚಿಟ್ಟದ್ದು, ಅಣ್ಣ ಸತ್ತದ್ದು ನನ್ನಿಂದ ಎನ್ನುವುದು. ಅವರು ಪೂರ್ತಿ ಕೇಳಿದರು. ಎದ್ದು ಹೋಗಿ ಚಹಾ ಮಾಡಿ ತಂದರು.

"ಅಣ್ಣನ ಸಂಕಟ ನಿನಗ ಇನ್ನೂ ಬಿಟ್ಟಿಲ್ಲಪಾ. ಪಿನ್ನ ಮುರದದ್ದ ನಾನ ಕಣ್ಣಾರೆ ನೋಡೇನಲ್ಲ," ಎಂದರು.

ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಚಹಾ ಕುಡಿದು ಮನೆಗೆ ಬಂದೆ.