ಜಿಂಕೆಗೆ ಹೇಳಿದ ಸುಳ್ಳು

ಬೇಟೆಯ ಕಾಲ ಬಂತೆಂದರೆ ಡೆಲ್ಮರ್ ಸ್ಟ್ಯಾಂಪರನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಸೋಪು ಮುಟ್ಟನು; ಕೋಟು, ಟೋಪಿ, ಕೊನೆಗೆ ಚಡ್ಡಿಯನ್ನೂ ಹಿಕರಿ ಮರದ ಸೌದೆಯ ಹೊಗೆಗೆ ನೇತುಹಾಕುವನು. ಮನುಷ್ಯನ ವಾಸನೆ ಜಿಂಕೆಯ ಮೂಗಿಗೆ ಬಡಿಯಬಾರದು. ವೆಸ್ಟ್ ವರ್ಜೀನಿಯಾದ ನಮ್ಮ ಸ್ಪೈಸರ್ ಕಣಿವೆಯಲ್ಲಿ ಅಪ್ಪ, ಅಜ್ಜ ಎಲ್ಲರೂ ಮಾಡಿದ್ದು ಇದನ್ನೇ.

ಆಮೇಲೆ ಕಲ್ಲಿದ್ದಲು ಕಂಪನಿ ಸಿಡಿಮದ್ದಿಟ್ಟು ಗುಡ್ಡದ ತಲೆ ಹಾರಿಸತೊಡಗಿತು. ಲಾರಿಗಳಿಗೆ ಅಡ್ಡ ಕೂತೆವು, ಒದೆ ತಿಂದೆವು, ಸೋತೆವು. ಒಂದೊಂದೇ ಮನೆ ಮಾರಿ ಜನ ಪೇಟೆಗಿಳಿದರು. ನಾನೂ ಇಳಿದೆ. ಡೆಲ್ಮರ್ ಒಬ್ಬನೇ ಉಳಿದ. ಹೆಂಡತಿ ಓಲೀಟಾಳನ್ನು ಹಿತ್ತಲಲ್ಲೇ ಮಣ್ಣು ಮಾಡಿದ್ದ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಒಂದು ಜಿಂಕೆ ಬಿದ್ದರೆ ಅದರ ಮಾಂಸದಲ್ಲಿ ಚಳಿಗಾಲವನ್ನು ಅಲ್ಲೇ ಕಳೆಯಬಹುದು. ಇಲ್ಲವಾದರೆ ತಂಗಿಯ ಮನೆಯ ಮೂಲೆಯೇ ಗತಿ.

ಆ ವರ್ಷ ಎಷ್ಟು ದಿನ ಕಾದರೂ ಜಿಂಕೆ ಬೀಳಲಿಲ್ಲ.

"ಇನ್ನೊಂಚೂರು ಹೊಗೆ ಹಾಕ್ಕೊಳ್ಳೋ," ಎಂದೆ, ಅವನನ್ನು ನೋಡಲು ಮೇಲೆ ಹೋದಾಗ.

"ಇನ್ನೂ ಹಾಕ್ಕೊಂಡ್ರೆ ಹೊಗೇಲಿ ಒಣಗಿಸಿದ ಹಂದಿ ತೊಡೆ ಅಂತ ನೀನೇ ಕುಯ್ಕೊಂಡು ತಿಂತೀಯ! ಆ ಹೆಣ್ಣುಜಿಂಕೆ ನನ್ನ ನೋಡೇ ಇಲ್ಲ ಮಾರಾಯ. ಹೊಗೆ ಮೂಗಿಗೆ ಬಿದ್ದಿದ್ದೇ ತಡ, ಬಿಳೀ ಬಾಲ ಎತ್ಕೊಂಡು ಓಟ." ಖಾಲಿ ಮನೆಗಳತ್ತ ಕೈ ತೋರಿಸಿ ಅಂದ: "ಆಗ ಎಲ್ಲಾ ಮನೇಲೂ ಒಲೆ ಉರೀತಿತ್ತು. ಜಿಂಕೆ ಮರಿಗಳು ಹುಟ್ಟಿದ್ದೇ ಹೊಗೇಲಿ, ಅವಕ್ಕೆ ಹೊಗೆ ಲೆಕ್ಕಕ್ಕೇ ಇರ್ಲಿಲ್ಲ. ಈಗ ಹೊಗೆ ಅಂದ್ರೆ ನಾನೊಬ್ನೇ."

ಮುಂದಿನ ವಾರ ಮತ್ತೆ ಮೇಲೆ ಹೋದಾಗ ಖಾಲಿ ಮನೆಗಳ ಚಿಮಣಿಗಳೆಲ್ಲ ಹೊಗೆಯಾಡುತ್ತಿದ್ದವು. ಜನ ವಾಪಸು ಬಂದರೆಂದುಕೊಂಡೆ, ಮೂರ್ಖ. ನನ್ನದೇ ಹಳೆಯ ಅಡಿಗೆಮನೆಯಲ್ಲಿ ಡೆಲ್ಮರ್ ಕುಕ್ಕರುಗಾಲಲ್ಲಿ ಕೂತು ಒಲೆ ಊದುತ್ತಿದ್ದ.

"ನಿನ್ನ ಒಲೆ ನಿನ್ನಂಗೇ ಕಣೋ, ಬರೀ ಕೆಮ್ಮೋದೇ!"

ಕಂಪನಿಯ ಕಾವಲುಗಾರ ಬಾಗಿಲಲ್ಲಿ ಬಂದು ನಿಂತ. "ಯಾರ್ಯಾರು ತಿರುಗಿ ಬಂದಿದೀರ್ರೀ ಇಲ್ಲಿಗೆ?"

"ಯಾರೂ ಇಲ್ಲಪ್ಪ. ಜಿಂಕೆಗೆ ಒಂದು ಸುಳ್ಳು ಹೇಳ್ತಿದೀನಿ."

ಕಾವಲುಗಾರ ಮನೆಮನೆ ಹೊಕ್ಕು ನೋಡಿದ. ಎಲ್ಲೂ ಒಂದು ನರಪಿಳ್ಳೆಯೂ ಇಲ್ಲ. ತಲೆ ಕೆರೆದುಕೊಂಡು ಹೊರಟುಹೋದ.

ಬೇಟೆಯ ಕಾಲ ಮುಗಿಯುವ ಹೊತ್ತಿಗೆ ಆ ಸುಳ್ಳನ್ನು ಒಂದು ಜಿಂಕೆ ನಂಬಿತು. ನನ್ನ ಹಿತ್ತಲಲ್ಲೇ ಬಿತ್ತು. ನನ್ನ ಪಾಲಿನ ತೊಡೆ ತರಲು ಹೋದೆ. ಮಾಂಸ ಸೂರಿನಡಿ ತೂಗುತ್ತಿತ್ತು. ಚಿಮಣಿಗಳು ಇನ್ನೂ ಹೊಗೆಯಾಡುತ್ತಲೇ ಇದ್ದವು.

"ಬಿತ್ತಲ್ಲೋ ಜಿಂಕೆ, ಇನ್ಯಾಕೆ?"

"ಸೌದೆ ಉಳಿದಿತ್ತು, ಹಾಕ್ದೆ."

ಸೌದೆಯ ರಾಶಿ ಎಂದೋ ಖಾಲಿಯಾಗಿತ್ತು. ಒಲೆಯಲ್ಲಿ ಉರಿಯುತ್ತಿದ್ದುದು ಅವನ ಬೇಲಿಯ ಗೂಟ.